ಜಾಹೀರಾತಿನಲ್ಲಿ 189 ಡಾಲರ್, ರಸೀದಿಯಲ್ಲಿ 408: ಎಫ್‌ಡಿಎ ಆಯುಕ್ತರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು,
ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ (ಎಫ್‌ಡಿಎ),
ಸಿಲ್ವರ್ ಸ್ಪ್ರಿಂಗ್, ಮೇರಿಲ್ಯಾಂಡ್, ಅಮೆರಿಕ.

ಪ್ರತಿ: ಫೆಡರಲ್ ಟ್ರೇಡ್ ಕಮಿಷನ್‌ಗೆ ಮತ್ತು ಸೆನೆಟ್‌ನ ಆರೋಗ್ಯ ಸಮಿತಿಗೆ.

ವಿಷಯ: ತೂಕ ಇಳಿಸುವ ಇಂಜೆಕ್ಷನ್‌ಗಳ ಬೆಲೆಯನ್ನು ರೋಗಿಗಳಿಗೆ ತೋರಿಸುತ್ತಿರುವ ರೀತಿ.

ಮಾನ್ಯರೇ,

ನಾನು ಇಪ್ಪತ್ತೆರಡು ವರ್ಷಗಳಿಂದ ಅಮೆರಿಕದಲ್ಲಿರುವ ಕನ್ನಡತಿ. ಸಣ್ಣಪುಟ್ಟ ವ್ಯಾಪಾರಗಳ ಲೆಕ್ಕಪತ್ರ ಬರೆಯುವುದು ನನ್ನ ಕೆಲಸ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಆದರೂ ಕನ್ನಡದಲ್ಲಿ ಎಲ್ಲರೆದುರು ಬರೆಯುತ್ತಿದ್ದೇನೆ. ನಮ್ಮವರಲ್ಲಿ ಈ ಇಂಜೆಕ್ಷನ್ ತೆಗೆದುಕೊಳ್ಳುವವರು ಬಹಳ ಜನ ಇದ್ದಾರೆ, ಬಾಯಿ ಬಿಟ್ಟು ಹೇಳುವವರು ಕಡಿಮೆ. ಯಾರದೋ ಮನೆಯ ಪೂಜೆಯಲ್ಲಿ, ಎಲ್ಲರೂ ಊಟಕ್ಕೆ ಎದ್ದ ಮೇಲೆ, ಒಬ್ಬರು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ: 'ನೀವು ಯಾವುದು ತಗೋತಿದ್ದೀರಿ? ಅದೇ ಔಷಧ ಇನ್ನೊಂದು ಕಡೆ ಅರ್ಧ ಬೆಲೆಗೆ ಸಿಗುತ್ತಂತೆ, ಹೌದಾ?' ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡಲು ನನಗೆ ಆಗುತ್ತಿಲ್ಲ. ವರ್ಷಗಟ್ಟಲೆ ಲೆಕ್ಕ ಬರೆದ ನನಗೇ ಆಗದಿದ್ದರೆ ಉಳಿದವರ ಪಾಡೇನು ಎಂಬ ಚಿಂತೆಯಿಂದ ಈ ಪತ್ರ.

ಮೊದಲು ನನ್ನ ವಿಷಯ. 2023ರಲ್ಲಿ ನನ್ನ ತೂಕ 88 ಕಿಲೋ, ಎತ್ತರ 160 ಸೆಂಟಿಮೀಟರ್. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.2 ಬಂದಿತ್ತು. ಮಧುಮೇಹ ಇನ್ನೂ ಬಂದಿರಲಿಲ್ಲ, ಹೊಸ್ತಿಲಲ್ಲಿ ನಿಂತಿತ್ತು. ನನ್ನ ತಾಯಿ ಅದೇ ಕಾಯಿಲೆಯಲ್ಲಿ ಕಣ್ಣು ಕಳೆದುಕೊಂಡು, ಆಮೇಲೆ ಹೃದಯಾಘಾತದಿಂದ ತೀರಿಕೊಂಡವರು. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆಯನ್ನು ನನ್ನ ಮುಖಕ್ಕೆ ಹೇಳಿದವರಿಗೆ ಲೆಕ್ಕವಿಲ್ಲ. ಹದಿನೈದು ವರ್ಷ ಅನ್ನ ಅಳೆದು ಉಂಡವಳು ನಾನು, ನಡಿಗೆ ತಪ್ಪಿಸಿದವಳಲ್ಲ. ನನ್ನ ವೈದ್ಯರು ವೆಗೋವಿ ಬರೆದುಕೊಟ್ಟರು. ಅದು ಸೆಮಾಗ್ಲುಟೈಡ್, ನೀವೇ 2021ರ ಜೂನ್‌ನಲ್ಲಿ ತೂಕ ನಿರ್ವಹಣೆಗೆಂದು ಅನುಮತಿ ಕೊಟ್ಟ ಔಷಧ. ಐದು ತಿಂಗಳು ಯಜಮಾನರ ಕಂಪನಿಯ ವಿಮೆ ಅದರ ಖರ್ಚು ಭರಿಸಿತು. 2024ರ ಜನವರಿಯಲ್ಲಿ ಒಂದು ಪುಟದ ಪತ್ರ ಬಂತು: ತೂಕ ಇಳಿಸುವ ಔಷಧಗಳನ್ನು ಈ ವರ್ಷದಿಂದ ವಿಮೆಯಿಂದ ಕೈಬಿಡಲಾಗಿದೆ. ನಾನು ಫೋನ್ ಮಾಡಿದೆ. ನಿಮಗೆ ಮಧುಮೇಹ ಇದ್ದಿದ್ದರೆ ಇದೇ ಔಷಧವನ್ನು ಒಜೆಂಪಿಕ್ ಎಂಬ ಹೆಸರಿನಲ್ಲಿ ಕೊಡಬಹುದಿತ್ತು ಎಂದರು. ಬಂದ ಮೇಲೆ ಕೊಡುತ್ತಾರಂತೆ, ಬರದ ಹಾಗೆ ತಡೆಯಲು ಕೊಡುವುದಿಲ್ಲವಂತೆ. ಆ ಮಾತು ಇವತ್ತಿಗೂ ಎದೆಯಲ್ಲಿ ಮುಳ್ಳಿನ ಹಾಗೆ ಇದೆ.

ಆಗ ವೆಗೋವಿಯ ಪಟ್ಟಿ ಬೆಲೆ ನಾಲ್ಕು ವಾರಕ್ಕೆ 1,349 ಡಾಲರ್. ಇಲ್ಲೊಂದು ಸಣ್ಣ ವಿಷಯ ಹೇಳಲೇಬೇಕು. ಜಾಹೀರಾತುಗಳಲ್ಲಿ 'ತಿಂಗಳು' ಎಂದು ಬರೆಯುತ್ತಾರೆ. ವಾರಕ್ಕೊಂದು ಚುಚ್ಚುವ ಔಷಧದ ಪೆಟ್ಟಿಗೆಯಲ್ಲಿ ಇರುವುದು ನಾಲ್ಕು ಪೆನ್, ಅಂದರೆ 28 ದಿನ. ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಪೆಟ್ಟಿಗೆ ಬೇಕು. 1,349ನ್ನು ಹದಿಮೂರರಿಂದ ಗುಣಿಸಿದರೆ 17,537 ಡಾಲರ್. ನಮ್ಮ ಮನೆಯಲ್ಲಿ ಅದು ಮಗನ ಕಾಲೇಜಿನ ಒಂದು ವರ್ಷದ ಫೀಸಿಗಿಂತ ಹೆಚ್ಚು. ಔಷಧ ನಿಲ್ಲಿಸಿದೆ.

ಅದೇ ಹೊತ್ತಿಗೆ ಫೋನ್ ತೆರೆದರೆ ಸಾಕು, 'ತಿಂಗಳಿಗೆ 189 ಡಾಲರ್‌ನಿಂದ' ಎಂಬ ಜಾಹೀರಾತು. ಅದೇ ಸೆಮಾಗ್ಲುಟೈಡ್, ಮನೆಗೇ ಬರುತ್ತದೆ, ವಿಮೆ ಬೇಡ. ಅದು ಕಾಂಪೌಂಡಿಂಗ್ ಫಾರ್ಮಸಿಯಲ್ಲಿ ಬೆರೆಸಿ ತಯಾರಿಸಿದ್ದು, ಮೂಲ ಕಂಪನಿಯದಲ್ಲ, ಎಫ್‌ಡಿಎ ಅನುಮೋದಿಸಿದ ಔಷಧವೂ ಅಲ್ಲ ಎಂಬುದು ಪುಟದ ತಳದಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿತ್ತು. ಕಾನೂನಿಗೆ ವಿರುದ್ಧವಾಗಿ ಏನೂ ನಡೆಯುತ್ತಿರಲಿಲ್ಲ. 2022ರಿಂದಲೇ ಸೆಮಾಗ್ಲುಟೈಡ್ ನಿಮ್ಮ ಕೊರತೆಯ ಪಟ್ಟಿಯಲ್ಲಿತ್ತು, ಆ ವರ್ಷದ ಕೊನೆಗೆ ಟಿರ್ಜೆಪಟೈಡ್ ಎಂಬ ಇಂಥದ್ದೇ ಇನ್ನೊಂದು ಔಷಧ ಕೂಡ ಸೇರಿತು. ಕೊರತೆ ಇರುವಷ್ಟು ದಿನ ಅದರ ನಕಲನ್ನು ಬೆರೆಸಿ ಕೊಡಲು ಕಾನೂನು ಅವಕಾಶ ಕೊಡುತ್ತದೆ.

ಕಾಂಪೌಂಡಿಂಗ್ ಮಾಡುವವರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಮಾತ್ರೆ ನುಂಗಲಾಗದ ಮಗುವಿಗೆ ಅದನ್ನೇ ದ್ರವರೂಪದಲ್ಲಿ ಮಾಡಿಕೊಡುವವರು, ಯಾವುದೋ ಬಣ್ಣಕ್ಕೆ ಅಲರ್ಜಿ ಇರುವವರಿಗೆ ಆ ಬಣ್ಣ ಬಿಟ್ಟು ತಯಾರಿಸುವವರು ಇವರೇ. ಔಷಧ ಬೆರೆಸುವುದು ಹಳೆಯ, ಗೌರವದ ವೃತ್ತಿ. ಆದರೆ ಒಬ್ಬ ರೋಗಿಗೆ ಒಂದು ಸೀಸೆ ಬೆರೆಸಿಕೊಡುವುದೇ ಬೇರೆ, ದೇಶದ ಮೂಲೆಮೂಲೆಗೂ ಜಾಹೀರಾತು ಕೊಟ್ಟು ಲೆಕ್ಕವಿಲ್ಲದಷ್ಟು ಸೀಸೆ ಸಾಗಿಸುವುದೇ ಬೇರೆ. ಎರಡನೆಯದಕ್ಕೆ ಕಣ್ಗಾವಲು ಎಷ್ಟು ಬೇಕು ಎಂಬುದನ್ನು ಈ ದೇಶ 2012ರಲ್ಲಿ ಕಂಡಿದೆ. ಮ್ಯಾಸಚೂಸೆಟ್ಸ್‌ನ ನ್ಯೂ ಇಂಗ್ಲೆಂಡ್ ಕಾಂಪೌಂಡಿಂಗ್ ಸೆಂಟರ್ ತಯಾರಿಸಿದ ಸ್ಟೀರಾಯ್ಡ್ ಇಂಜೆಕ್ಷನ್‌ನಲ್ಲಿ ಶಿಲೀಂಧ್ರ ಸೇರಿ 750ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 60ಕ್ಕೂ ಹೆಚ್ಚು ಜನ ಸತ್ತರು. ಅದರ ಮರುವರ್ಷವೇ ಸಂಸತ್ತು ಹೊಸ ಕಾನೂನು ತಂದು, ದೊಡ್ಡ ಪ್ರಮಾಣದಲ್ಲಿ ತಯಾರಿಸುವವರಿಗಾಗಿ 503ಬಿ ಎಂಬ ವರ್ಗವನ್ನು ಮಾಡಿತು. 503ಬಿ ಘಟಕಗಳನ್ನು ನೀವು ಪರಿಶೀಲಿಸುತ್ತೀರಿ, ಗಂಭೀರ ಅಡ್ಡಪರಿಣಾಮ ಕಂಡರೆ ಅವರು ನಿಮಗೆ ವರದಿ ಮಾಡಲೇಬೇಕು. 503ಎ ಎಂದು ಕರೆಯುವ ಸಾಮಾನ್ಯ ಕಾಂಪೌಂಡಿಂಗ್ ಫಾರ್ಮಸಿಗಳ ಮೇಲೆ ಮುಖ್ಯವಾಗಿ ರಾಜ್ಯಗಳ ಫಾರ್ಮಸಿ ಮಂಡಳಿಗಳ ಕಣ್ಣಿದೆ. ನಿಮಗೆ ವರದಿ ಮಾಡಬೇಕೆಂಬ ಕಡ್ಡಾಯ ಅವಕ್ಕಿಲ್ಲ. ನನಗೆ ಔಷಧ ಬಂದದ್ದು ಎರಡರಲ್ಲಿ ಯಾವುದರಿಂದ ಎಂಬುದು ಸೀಸೆ ಕೈಗೆ ಬರುವ ತನಕ ಗೊತ್ತೇ ಇರಲಿಲ್ಲ. ದುಡ್ಡು ಕಟ್ಟುವ ಮುಂಚೆ ಫಾರ್ಮಸಿಯ ಹೆಸರು ಕೇಳಿದ್ದೆ. 'ನಮ್ಮ ಪಾಲುದಾರ ಫಾರ್ಮಸಿಗಳಲ್ಲಿ ಒಂದು' ಎಂದಷ್ಟೇ ಉತ್ತರ ಬಂತು.

2024ರ ಆಗಸ್ಟ್‌ನಲ್ಲಿ ಆ 189 ಡಾಲರ್ ಜಾಹೀರಾತಿನ ಕಂಪನಿಗೆ ಗ್ರಾಹಕಳಾಗಿ ಸೇರಿಕೊಂಡೆ. ಈಗ ನನ್ನ ಲೆಕ್ಕದ ಪುಸ್ತಕ ನಿಮ್ಮ ಮುಂದಿಡುತ್ತೇನೆ.

ಮೂರು ತಿಂಗಳದ್ದು ಒಟ್ಟಿಗೆ ಕಟ್ಟಬೇಕು ಎಂದರು. ಮೊದಲ ದಿನವೇ ಕಾರ್ಡಿನಿಂದ 804 ಡಾಲರ್ ಹೋಯಿತು. ಹೇಗೆಂದರೆ, 0.25 ಮತ್ತು 0.5 ಮಿಲಿಗ್ರಾಂನ ಮೊದಲೆರಡು ತಿಂಗಳು ತಲಾ 189. ಮೂರನೆಯ ತಿಂಗಳು ಡೋಸ್ 1 ಮಿಲಿಗ್ರಾಂಗೆ ಏರುವುದರಿಂದ 249. ಅದರ ಮೇಲೆ ತಿಂಗಳಿಗೆ 39 ಡಾಲರ್ ಸದಸ್ಯತ್ವ, ಐಸ್ ಇಟ್ಟು ಕಳಿಸುವುದಕ್ಕೆ 20. ನಾಲ್ಕನೆಯ ತಿಂಗಳು 1.7 ಮಿಲಿಗ್ರಾಂ, 299 ಡಾಲರ್. ಐದನೆಯ ತಿಂಗಳಿಂದ 2.4 ಮಿಲಿಗ್ರಾಂ, 349 ಡಾಲರ್. ಸದಸ್ಯತ್ವ, ಸಾಗಣೆ ಸೇರಿದರೆ 408. ಅಂದರೆ ಜಾಹೀರಾತಿನ ಬೆಲೆ ಮೊದಲೆರಡು ತಿಂಗಳಿನದು ಮಾತ್ರ, ಅದೂ ಪೂರ್ತಿಯಲ್ಲ. ಸೆಮಾಗ್ಲುಟೈಡ್‌ನ ಮೊದಲ ತಿಂಗಳುಗಳ ಡೋಸ್ ಹೊಟ್ಟೆಯನ್ನು ಔಷಧಕ್ಕೆ ಒಗ್ಗಿಸಲು ಕೊಡುವುದು. ತೂಕ ಇಳಿಸುವ ಕೆಲಸ ಮುಖ್ಯವಾಗಿ ನಡೆಯುವುದು ಮೇಲಿನ ಡೋಸ್‌ಗಳಲ್ಲಿ. ಬಹಳ ಜನ ಎರಡು ತಿಂಗಳಷ್ಟೇ ನಿಲ್ಲುವ ಮೆಟ್ಟಿಲಿನ ಬೆಲೆಯನ್ನು ಇಡೀ ಮನೆಯ ಬೆಲೆ ಎಂದು ತೋರಿಸುವುದು ನ್ಯಾಯವೇ?

ಎಂಟು ತಿಂಗಳಿಗೆ ಒಟ್ಟು 2,794 ಡಾಲರ್ ಕಟ್ಟಿದೆ. ಎಂಟರಿಂದ ಭಾಗಿಸಿದರೆ ತಿಂಗಳಿಗೆ 349 ಡಾಲರ್, ಮೇಲೆ 25 ಸೆಂಟ್. ಆಗ ಬ್ರ್ಯಾಂಡ್ ಔಷಧಕ್ಕೆ ಎಂಟು ಪೆಟ್ಟಿಗೆಗೆ 10,792 ಡಾಲರ್ ಆಗುತ್ತಿತ್ತು. ಆದ್ದರಿಂದ 189 ಎಂದು 349 ತೆಗೆದುಕೊಂಡರೂ ನನ್ನಂಥವಳಿಗೆ ಬೇರೆ ದಾರಿ ಇರಲಿಲ್ಲ.

ದುಡ್ಡಿನ ಲೆಕ್ಕಕ್ಕಿಂತ ದೊಡ್ಡದು ಮೂರನೆಯ ತಿಂಗಳು ನಡೆದದ್ದು.

ಬ್ರ್ಯಾಂಡ್ ಪೆನ್‌ನಲ್ಲಿ ಡೋಸ್ ಮೊದಲೇ ಅಳೆದು ತುಂಬಿರುತ್ತದೆ. ಚರ್ಮಕ್ಕೆ ಒತ್ತಿ ಹಿಡಿದರೆ ಮುಗಿಯಿತು. ನನಗೆ ಬರುತ್ತಿದ್ದದ್ದು ರಬ್ಬರ್ ಮುಚ್ಚಳದ ಪುಟ್ಟ ಸೀಸೆ, ಜೊತೆಗೆ ಇನ್ಸುಲಿನ್ ಸಿರಿಂಜ್‌ಗಳು. ಸಿರಿಂಜ್ ಮೇಲೆ ಗುರುತುಗಳಿರುವುದು ಯೂನಿಟ್‌ನಲ್ಲಿ, ಒಂದು ಮಿಲಿಲೀಟರ್‌ಗೆ ನೂರು ಯೂನಿಟ್. ವೈದ್ಯರು ಬರೆಯುವುದು ಮಿಲಿಗ್ರಾಂನಲ್ಲಿ. ಇವೆರಡರ ನಡುವೆ ಸೇತುವೆ ಎಂದರೆ ಒಂದು ಮಿಲಿಲೀಟರ್‌ನಲ್ಲಿ ಎಷ್ಟು ಮಿಲಿಗ್ರಾಂ ಔಷಧ ಇದೆ ಎಂಬ ಸಂಖ್ಯೆ. ಮೊದಲ ಸೀಸೆಯಲ್ಲಿ ಮಿಲಿಲೀಟರ್‌ಗೆ 2.5 ಮಿಲಿಗ್ರಾಂ ಇತ್ತು. ಆ ಲೆಕ್ಕದಲ್ಲಿ 1 ಮಿಲಿಗ್ರಾಂ ಬೇಕಾದರೆ 40 ಯೂನಿಟ್ ಎಳೆಯಬೇಕು. ಆ್ಯಪ್‌ನಲ್ಲಿ ಅವರು ಹಾಕಿದ್ದೂ 'ಮೂರನೆಯ ತಿಂಗಳು: 40 ಯೂನಿಟ್' ಎಂದೇ. ಆದರೆ ಅಕ್ಟೋಬರ್‌ನಲ್ಲಿ ಬಂದ ಸೀಸೆ ಬೇರೊಂದು ಫಾರ್ಮಸಿಯದು. ಅಷ್ಟೇ ಗಾತ್ರ, ಅದೇ ಬಣ್ಣದ ಮುಚ್ಚಳ, ಒಳಗೆ ಮಿಲಿಲೀಟರ್‌ಗೆ 5 ಮಿಲಿಗ್ರಾಂ. ಆ್ಯಪ್‌ನಲ್ಲಿ ಸೂಚನೆ ಬದಲಾಗಿರಲಿಲ್ಲ. ನಾನು 40 ಯೂನಿಟ್ ಎಳೆದೆ. 1 ಮಿಲಿಗ್ರಾಂ ಹೋಗಬೇಕಾದಲ್ಲಿ 2 ಮಿಲಿಗ್ರಾಂ ಒಳಗೆ ಹೋಯಿತು. ಹಿಂದಿನ ವಾರದ ಡೋಸ್ ಅರ್ಧ ಮಿಲಿಗ್ರಾಂ. ಒಮ್ಮೆಲೇ ನಾಲ್ಕು ಪಟ್ಟು.

ಮರುದಿನ ಬೆಳಿಗ್ಗೆಯಿಂದ ವಾಂತಿ. ನೀರೂ ನಿಲ್ಲಲಿಲ್ಲ. ಎರಡನೆಯ ರಾತ್ರಿ ಬಚ್ಚಲುಮನೆಗೆ ಹೋಗಿ ಏಳಲಾಗದೆ ಅಲ್ಲೇ ಗೋಡೆಗೆ ಒರಗಿ ಕೂತೆ. ಮಗ ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂರಿಸಿದ. ಅರ್ಜೆಂಟ್ ಕೇರ್‌ನಲ್ಲಿ ಡ್ರಿಪ್ ಹಾಕಿದರು. ಅಲ್ಲಿನ ನರ್ಸ್ ಸೀಸೆ ತಿರುಗಿಸಿ ನೋಡಿದ ಮೇಲೆಯೇ ಏನಾಗಿದೆ ಎಂದು ನಮಗೆ ತಿಳಿದದ್ದು. ವಿಮೆ ಹೋಗಿ ನನ್ನ ಪಾಲಿಗೆ ಬಂದ ಬಿಲ್ 406 ಡಾಲರ್. ಅದನ್ನೂ ಈ ಔಷಧದ ಖರ್ಚಿನ ಕಾಲಮ್ಮಿನಲ್ಲೇ ಬರೆದೆ. ಅದಲ್ಲದೆ ಬೇರೆಲ್ಲಿ ಬರೆಯಲಿ? ಒಟ್ಟು 3,200, ತಿಂಗಳಿಗೆ ಸರಾಸರಿ 400 ಡಾಲರ್.

ಕಂಪನಿಗೆ ಬರೆದರೆ 'ಸಾಂದ್ರತೆ ಬದಲಾಗಿರುವುದು ಲೇಬಲ್ ಮೇಲೆ ಇದೆ' ಎಂಬ ಉತ್ತರ ಬಂತು. ನಿಜ, ಇತ್ತು. ಅಕ್ಕಿಕಾಳಿನಷ್ಟು ಅಕ್ಷರದಲ್ಲಿ ಇತ್ತು. ಲೇಬಲ್ ಓದದ ತಪ್ಪು ನನ್ನದೂ ಹೌದು, ಒಪ್ಪುತ್ತೇನೆ. ಆದರೆ ಯೂನಿಟ್ ಲೆಕ್ಕದಲ್ಲಿ ಡೋಸ್ ಹೇಳಿ, ಕೇಳದೆ ಸಾಂದ್ರತೆ ಬದಲಿಸುವವರದು ಯಾವ ತಪ್ಪು? ಆಮೇಲೆ ಹುಡುಕುತ್ತಾ ಹೋದಾಗ ನಿಮ್ಮದೇ ಎಚ್ಚರಿಕೆ ಸಿಕ್ಕಿತು, 2024ರ ಜುಲೈ 26ರದು. ಕಾಂಪೌಂಡೆಡ್ ಸೆಮಾಗ್ಲುಟೈಡ್‌ನಲ್ಲಿ ಡೋಸ್ ತಪ್ಪುತ್ತಿದೆ, ಮಿಲಿಗ್ರಾಂ, ಮಿಲಿಲೀಟರ್, ಯೂನಿಟ್ ಗೊಂದಲದಿಂದ ಕೆಲವರು 5ರಿಂದ 20 ಪಟ್ಟು ಹೆಚ್ಚು ತೆಗೆದುಕೊಂಡಿದ್ದಾರೆ, ಆಸ್ಪತ್ರೆ ಸೇರಿದ್ದಾರೆ ಎಂದು ಅದರಲ್ಲಿ ಬರೆದಿದ್ದೀರಿ. ನಾನು ಸೀಸೆಯ ಮೊದಲ ಸೂಜಿ ಚುಚ್ಚಿಕೊಳ್ಳುವ ಮುಂಚೆಯೇ ಪ್ರಕಟವಾಗಿತ್ತು. ನಿಮಗೆ ಗೊತ್ತಿತ್ತು, ಕಂಪನಿಗೆ ಗೊತ್ತಿರಬೇಕಿತ್ತು, ನನಗೆ ಗೊತ್ತಿರಲಿಲ್ಲ. ಜಾಹೀರಾತು ನನ್ನ ಫೋನಿಗೆ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ಎಚ್ಚರಿಕೆ ಒಂದು ಸಲವೂ ಬರಲಿಲ್ಲ.

ಇಷ್ಟಾದ ಮೇಲೂ ನಾನು ಆ ಔಷಧ ಬಿಡಲಿಲ್ಲ. ಓದುವವರಿಗೆ ಆಶ್ಚರ್ಯವಾಗಬಹುದು. ಮೂರು ವಾರ ನಿಲ್ಲಿಸಿ, ನಮ್ಮ ವೈದ್ಯರ ಜೊತೆ ಕೂತು ಪ್ರತಿ ಡೋಸ್‌ನ ಯೂನಿಟ್ ಲೆಕ್ಕ ಬರೆದುಕೊಂಡು, ಮತ್ತೆ ಶುರು ಮಾಡಿದೆ. ಏಕೆಂದರೆ ಎದುರಿಗಿದ್ದ ಇನ್ನೊಂದು ದಾರಿ 1,349 ಡಾಲರ್‌ನದು, ಮತ್ತೊಂದು ನನ್ನ ತಾಯಿಯದು. ನಿಮ್ಮ ಎಚ್ಚರಿಕೆಗಳು ಜನರನ್ನು ಏಕೆ ತಡೆಯುತ್ತಿಲ್ಲ ಎಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ಕೇಳಿಕೊಂಡಿದ್ದರೆ, ಉತ್ತರ ಇದೇ.

2025ರ ಫೆಬ್ರವರಿ 21ರಂದು ಸೆಮಾಗ್ಲುಟೈಡ್ ಕೊರತೆ ನೀಗಿದೆ ಎಂದು ಘೋಷಿಸಿದಿರಿ. ಫಾರ್ಮಸಿಗಳಿಗೆ ಏಪ್ರಿಲ್ 22ರ ತನಕ, 503ಬಿ ಘಟಕಗಳಿಗೆ ಮೇ 22ರ ತನಕ ಗಡುವು ಕೊಟ್ಟಿರಿ. ನಾನು ಮಾರ್ಚ್‌ಗೆ ನಿಲ್ಲಿಸಿದೆ. ಆಗ ತೂಕ 77 ಕಿಲೋ, ಎಚ್‌ಬಿಎ1ಸಿ 5.6. ಏಪ್ರಿಲ್‌ನಲ್ಲಿ ಕಂಪನಿಯಿಂದ ಮಿಂಚಂಚೆ ಬಂತು: ಇನ್ನು ಮುಂದೆ 'ನಿಮಗಾಗಿಯೇ ರೂಪಿಸಿದ' ಇಂಜೆಕ್ಷನ್, ಸೆಮಾಗ್ಲುಟೈಡ್ ಜೊತೆ ಬಿ12 ವಿಟಮಿನ್. ನನ್ನ ರಕ್ತದಲ್ಲಿ ಬಿ12 ಎಷ್ಟಿದೆ ಎಂದು ಅವರು ಒಮ್ಮೆಯೂ ಕೇಳಿರಲಿಲ್ಲ. ಕೊರತೆ ಮುಗಿದ ಮೇಲೆ ಬೆರೆಸಿ ಕೊಡುವುದು ಅನುಮೋದಿತ ಔಷಧದ ನಕಲಾಗಿರಬಾರದು, ಆ ರೋಗಿಗೆ ಬೇಕೇಬೇಕಾದ ವ್ಯತ್ಯಾಸ ಅದರಲ್ಲಿರಬೇಕು ಎಂದು ಕಾನೂನು ಹೇಳುತ್ತದೆ; ಅದನ್ನು ತೀರ್ಮಾನಿಸಬೇಕಾದವರು ಆ ರೋಗಿಯನ್ನು ನೋಡಿದ ವೈದ್ಯರು. ನೋಡದೆಯೇ ಎಲ್ಲರಿಗೂ ಒಂದೇ ಬಗೆಯದನ್ನು 'ನಿಮಗಾಗಿಯೇ' ಎಂದು ಕಳಿಸುವುದು ಯಾವ ಬಗೆಯ ವ್ಯತ್ಯಾಸ?

ಔಷಧ ಬಿಟ್ಟ ಆರು ತಿಂಗಳಲ್ಲಿ ಏಳು ಕಿಲೋ ಮರಳಿ ಬಂತು. ಇದು ನನ್ನೊಬ್ಬಳ ಕಥೆಯಲ್ಲ. ಸೆಮಾಗ್ಲುಟೈಡ್ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇ. 15ರಷ್ಟು ತೂಕ ಇಳಿದಿತ್ತು; ನಿಲ್ಲಿಸಿದವರನ್ನು ಒಂದು ವರ್ಷ ಹಿಂಬಾಲಿಸಿದಾಗ ಇಳಿದದ್ದರಲ್ಲಿ ಮೂರನೇ ಎರಡು ಭಾಗ ಮರಳಿತ್ತು. ಬಿಪಿ ಮಾತ್ರೆಯ ಹಾಗೆ ವರ್ಷಾನುಗಟ್ಟಲೆ ತೆಗೆದುಕೊಳ್ಳಬೇಕಾದ ಔಷಧ ಇದು. ಹಾಗಿರುವಾಗ ಹೋಲಿಸಬೇಕಾದದ್ದು ಮೊದಲ ತಿಂಗಳ ಬೆಲೆಯನ್ನಲ್ಲ, ವರ್ಷದ ಬೆಲೆಯನ್ನು.

ಈಗ ಬ್ರ್ಯಾಂಡ್ ಕಂಪನಿಗಳ ಮಾತಿಗೆ ಬರುತ್ತೇನೆ. ವೆಗೋವಿ ತಯಾರಿಸುವ ನೋವೊ ನಾರ್ಡಿಸ್ಕ್ 2025ರ ಮಾರ್ಚ್‌ನಲ್ಲಿ ವಿಮೆ ಇಲ್ಲದೆ ಸ್ವಂತ ಹಣ ಕೊಡುವವರಿಗೆ ವೆಗೋವಿಯನ್ನು 499 ಡಾಲರ್‌ಗೆ ಕೊಡತೊಡಗಿತು. ನವೆಂಬರ್‌ನಲ್ಲಿ ಅದನ್ನು 349ಕ್ಕೆ ಇಳಿಸಿತು, ಹೊಸಬರಿಗೆ ಕೆಳಗಿನ ಡೋಸ್‌ನ ಮೊದಲೆರಡು ತಿಂಗಳು 199. ಟಿರ್ಜೆಪಟೈಡ್ ತಯಾರಿಸುವ ಎಲಿ ಲಿಲಿ ಅದನ್ನು ತುಂಬಿದ ತನ್ನ ಜೆಪ್‌ಬೌಂಡ್ ಸೀಸೆಗಳನ್ನು 2024ರ ಆಗಸ್ಟ್‌ನಲ್ಲಿ 399 ಮತ್ತು 549ಕ್ಕೆ ತಂದಿತ್ತು. 2025ರ ಡಿಸೆಂಬರ್‌ನಿಂದ 2.5 ಮಿಲಿಗ್ರಾಂಗೆ 299, 5 ಮಿಲಿಗ್ರಾಂಗೆ 399, ಅದಕ್ಕಿಂತ ಮೇಲಿನ ಎಲ್ಲಕ್ಕೂ 449 ಮಾಡಿತು. ಈ 449 ಸಿಗಬೇಕಾದರೆ 45 ದಿನದೊಳಗೆ ಮತ್ತೆ ಖರೀದಿಸಬೇಕು ಎಂಬ ಷರತ್ತಿತ್ತು. ಕಾಯಿಲೆ ಬಿದ್ದೋ, ಕೈ ಖಾಲಿಯಾಗಿಯೋ ಒಂದು ತಿಂಗಳು ತಪ್ಪಿದವರಿಗೆ ಅದು ದಂಡದ ಹಾಗೆ.

2025ರ ನವೆಂಬರ್‌ನ ಆ ಬೆಲೆಯಲ್ಲಿ ಹೊಸದಾಗಿ ವೆಗೋವಿ ಶುರು ಮಾಡುವವರಿಗೆ ಎಂಟು ಪೆಟ್ಟಿಗೆಗೆ 2,492 ಡಾಲರ್ ಆಗುತ್ತಿತ್ತು. ನಾನು ಸೀಸೆಗೆ ಕೊಟ್ಟದ್ದು 2,794, ಅರ್ಜೆಂಟ್ ಕೇರ್ ಬಿಟ್ಟು. ಅಂದರೆ ನಾನು ಕೊಂಡ 'ಅಗ್ಗದ' ಔಷಧಕ್ಕಿಂತ ಮೂಲ ಕಂಪನಿಯ ಪೆನ್ 302 ಡಾಲರ್ ಅಗ್ಗವಾಗಿತ್ತು. ಈ ಸಂಗತಿಯನ್ನು ಕಳೆದ ತಿಂಗಳು ಮೂವರು ಪರಿಚಿತರಿಗೆ ಕಾಗದದ ಮೇಲೆ ಬರೆದು ತೋರಿಸಿದೆ. ಮೂವರೂ ಇನ್ನೂ ಸೀಸೆಯನ್ನೇ ತರಿಸುತ್ತಿದ್ದರು. ಅವರಲ್ಲಿ ಇಬ್ಬರು ಮೇಲಿನ ಡೋಸ್‌ನಲ್ಲಿ 400ಕ್ಕಿಂತ ಹೆಚ್ಚು ಕೊಡುತ್ತಿದ್ದರು. 'ಬ್ರ್ಯಾಂಡ್ ಅಂದ್ರೆ ಸಾವಿರದ ಮುನ್ನೂರು ಅಲ್ವಾ?' ಎಂದೇ ಕೇಳಿದರು. ಎರಡು ವರ್ಷ ಹಳೆಯ ಬೆಲೆಯನ್ನು ಪಕ್ಕದಲ್ಲಿಟ್ಟು ತಮ್ಮದು ಅಗ್ಗವೆಂದು ತೋರಿಸುವ ಜಾಹೀರಾತುಗಳು ಈಗಲೂ ಓಡಾಡುತ್ತಿವೆ. ಮೂರನೆಯವರಿಗೆ ನಿಜವಾಗಿಯೂ ಸೀಸೆಯೇ ಅಗ್ಗವಾಗಿತ್ತು, ಅವರು ಸಣ್ಣ ಡೋಸ್‌ನಲ್ಲೇ ನಿಂತವರು. ಅದನ್ನೂ ಬರೆದುಕೊಟ್ಟೆ. ಯಾರಿಗೆ ಯಾವುದು ಅಗ್ಗ ಎಂಬುದು ಡೋಸ್ ಗೊತ್ತಾಗದೆ ಹೇಳಲು ಬರುವುದಿಲ್ಲ. ಹೀಗಿರುವಾಗ ಡೋಸ್ ಹೇಳದ ಬೆಲೆಯನ್ನು ಜಾಹೀರಾತಿನಲ್ಲಿ ಹಾಕಲು ಬಿಟ್ಟಿರುವುದೇ ಮೂಲ ತಪ್ಪು.

ಬ್ರ್ಯಾಂಡ್ ಕಂಪನಿಗಳ ಪರವಾಗಿ ನಾನು ಬರೆಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. 1,349 ಇದ್ದದ್ದು 349 ಆಯಿತು. ಪೆನ್ ಬದಲಾಗಿಲ್ಲ, ಒಳಗಿನ ಔಷಧ ಬದಲಾಗಿಲ್ಲ. ಹಾಗಾದರೆ ಆ ಸಾವಿರ ಡಾಲರ್ ಯಾವುದರ ಬೆಲೆಯಾಗಿತ್ತು? 2024ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರೂ ಸೇರಿ ನಡೆಸಿದ ಅಧ್ಯಯನವೊಂದು ಒಂದು ತಿಂಗಳ ಸೆಮಾಗ್ಲುಟೈಡ್ ತಯಾರಿಸಲು 89 ಸೆಂಟ್‌ನಿಂದ 4.73 ಡಾಲರ್ ಸಾಕು ಎಂದು ಅಂದಾಜು ಮಾಡಿತು. ಸಂಶೋಧನೆಗೆ ಖರ್ಚಿದೆ, ಕಾರ್ಖಾನೆ ಕಟ್ಟಲು ಖರ್ಚಿದೆ, ಲಾಭವೂ ಬೇಕು, ಒಪ್ಪೋಣ. ಆದರೆ ಅದೇ ವರ್ಷ ಸೆನೆಟ್‌ನ ಆರೋಗ್ಯ ಸಮಿತಿ ನೋವೊ ನಾರ್ಡಿಸ್ಕ್ ಮುಖ್ಯಸ್ಥರನ್ನು ಕೂರಿಸಿ ಕೇಳಿದ ಪ್ರಶ್ನೆ ಏನು? ಇಲ್ಲಿ 969 ಡಾಲರ್ ಇರುವ ಒಜೆಂಪಿಕ್ ಕೆನಡಾದಲ್ಲಿ 155, ಜರ್ಮನಿಯಲ್ಲಿ 59 ಹೇಗೆ ಎಂಬುದು. ನನ್ನ ಅನಿಸಿಕೆ ಹೇಳುತ್ತೇನೆ: ಕಾಂಪೌಂಡಿಂಗ್‌ನವರ ಪೈಪೋಟಿ ಇಲ್ಲದೆ ಹೋಗಿದ್ದರೆ 349 ಎಂಬ ಬೆಲೆಯನ್ನು ನಾವು ಕಾಣುತ್ತಿರಲಿಲ್ಲ. ನನ್ನನ್ನು ಬಚ್ಚಲುಮನೆಯಲ್ಲಿ ಬೀಳಿಸಿದ ಸೀಸೆಯೇ ಬ್ರ್ಯಾಂಡ್ ಬೆಲೆಯನ್ನೂ ಇಳಿಸಿತು. ಎರಡೂ ನಿಜ.

349 ಕೂಡ ಹದಿಮೂರು ಪೆಟ್ಟಿಗೆಗೆ 4,537 ಡಾಲರ್. ಅದು ವಿಮೆಯ ಹೊರಗೆ ನಡೆಯುವ ವ್ಯವಹಾರ, ಆದ್ದರಿಂದ ವಿಮೆ ಹಣ ಕೊಡಲು ಶುರು ಮಾಡುವ ಮುಂಚೆ ನಾವು ವರ್ಷದಲ್ಲಿ ಕೈಯಿಂದ ತುಂಬಿಸಬೇಕಾದ ಡಿಡಕ್ಟಿಬಲ್‌ಗೆ ಒಂದು ಡಾಲರ್ ಕೂಡ ಸೇರುವುದಿಲ್ಲ. 2025ರ ನವೆಂಬರ್‌ನಿಂದ ನಾನು ಅದನ್ನೇ ತೆಗೆದುಕೊಳ್ಳುತ್ತಿದ್ದೇನೆ. ಮನೆಯಲ್ಲಿ ಒಂದು ಕಾರು ಮಾರಿದ್ದೇವೆ.

ಮಾನ್ಯರೇ, ಔಷಧದ ಬೆಲೆ ನಿಗದಿ ಮಾಡುವ ಅಧಿಕಾರ ನಿಮಗಿಲ್ಲ ಎಂದು ನನಗೆ ತಿಳಿದಿದೆ. ಅದಕ್ಕಾಗಿ ಸೆನೆಟ್ ಸಮಿತಿಗೂ ಇದರ ಪ್ರತಿ ಕಳಿಸಿದ್ದೇನೆ. ನಿಮ್ಮಲ್ಲಿ ನಾನು ಕೇಳುತ್ತಿರುವುದು ನಿಮ್ಮ ಕೈಯಲ್ಲಿ ಇರುವುದನ್ನೇ, ಇಲ್ಲವೇ ಮೋಸದ ಜಾಹೀರಾತುಗಳ ಮೇಲೆ ಕಣ್ಣಿಡುವ ಟ್ರೇಡ್ ಕಮಿಷನ್ ಜೊತೆ ಸೇರಿ ಆಗುವಂಥದ್ದನ್ನು.

ಇಂತಿಷ್ಟು ಡಾಲರ್‌ನಿಂದ ಎಂದು ಹಾಕುವ ಪ್ರತಿ ಜಾಹೀರಾತಿನಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ, ಅತಿ ಹೆಚ್ಚಿನ ಡೋಸ್‌ನ ಬೆಲೆಯೂ ಇರಬೇಕು. ಸದಸ್ಯತ್ವ, ಸಾಗಣೆ ಎಲ್ಲ ಸೇರಿಸಿ, 52 ವಾರದ ಒಟ್ಟು ಮೊತ್ತವಾಗಿ ಇರಬೇಕು. ಇದು ಬ್ರ್ಯಾಂಡ್ ಕಂಪನಿಗಳಿಗೂ ಅನ್ವಯಿಸಲಿ. ಅವರ 45 ದಿನದ ಷರತ್ತೂ, ಎರಡು ತಿಂಗಳಿಗೆ ಮುಗಿಯುವ ರಿಯಾಯಿತಿಯೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಕಾಣಲಿ. ಇದೊಂದು ಆದರೆ, ನನ್ನನ್ನು ಪಕ್ಕಕ್ಕೆ ಕರೆದು ಕೇಳುವವರಲ್ಲಿ ಅರ್ಧ ಜನಕ್ಕೆ ನನ್ನ ಅಗತ್ಯವೇ ಇರುವುದಿಲ್ಲ.

ಸೀಸೆಯಲ್ಲಿ ಬರುವ ಔಷಧದ ಡೋಸನ್ನು ಬರೀ ಯೂನಿಟ್‌ನಲ್ಲಿ ಹೇಳುವುದು ನಿಲ್ಲಬೇಕು. ಮಿಲಿಗ್ರಾಂ, ಮಿಲಿಲೀಟರ್, ಯೂನಿಟ್ ಮೂರೂ ಒಟ್ಟಿಗೆ ಬರೆದಿರಬೇಕು. ಒಬ್ಬ ರೋಗಿಗೆ ಕಳಿಸುವ ಔಷಧದ ಸಾಂದ್ರತೆ ಬದಲಾದರೆ, ರೋಗಿಯ ಜೊತೆ ಫಾರ್ಮಸಿಸ್ಟ್ ಮಾತಾಡಿದ ಮೇಲೆಯೇ ಪೊಟ್ಟಣ ಹೊರಡಬೇಕು. ಹಾಗೆಯೇ ದುಡ್ಡು ಕಟ್ಟುವ ಮುಂಚೆ ಫಾರ್ಮಸಿಯ ಹೆಸರು, ಅದು 503ಎ ಅಥವಾ 503ಬಿ, ಔಷಧದ ಕಚ್ಚಾವಸ್ತು ಬಂದದ್ದು ಎಲ್ಲಿಂದ ಎಂಬುದು ರೋಗಿಗೆ ತಿಳಿಯಬೇಕು. ಆಮದಾಗುವ ಕಚ್ಚಾವಸ್ತುವಿನ ಮೇಲೆ ಕಣ್ಣಿಡಲು ನೀವು 2025ರ ಸೆಪ್ಟೆಂಬರ್‌ನಲ್ಲಿ ನಿಮ್ಮ ಗುಣಮಟ್ಟಕ್ಕೆ ಹೊಂದುವ ತಯಾರಕರ ಹಸಿರು ಪಟ್ಟಿ ಮಾಡಿದ್ದೀರಿ. ಒಳ್ಳೆಯ ಕೆಲಸ. ಆ ಪಟ್ಟಿಯ ಫಲ ಸೀಸೆಯ ಲೇಬಲ್ ತನಕ ಬರಲಿ.

503ಎ ಫಾರ್ಮಸಿಗಳೂ ಅಡ್ಡಪರಿಣಾಮವನ್ನು ಕಡ್ಡಾಯವಾಗಿ ವರದಿ ಮಾಡುವಂತೆ ಕಾನೂನು ತಿದ್ದಲು ಸಂಸತ್ತನ್ನು ಕೇಳಿ. 2025ರ ಏಪ್ರಿಲ್ ಕೊನೆಯ ಹೊತ್ತಿಗೆ ಕಾಂಪೌಂಡೆಡ್ ಸೆಮಾಗ್ಲುಟೈಡ್ ಬಗ್ಗೆ 520ಕ್ಕೂ ಹೆಚ್ಚು, ಟಿರ್ಜೆಪಟೈಡ್ ಬಗ್ಗೆ 480ಕ್ಕೂ ಹೆಚ್ಚು ವರದಿಗಳು ಬಂದಿವೆ ಎಂದು ನೀವೇ ಹೇಳಿದ್ದೀರಿ. ಹೇಳದೆ ಉಳಿದದ್ದು ಇನ್ನೂ ಇದ್ದೀತು ಎಂದೂ ಒಪ್ಪಿಕೊಂಡಿದ್ದೀರಿ. ನನ್ನ ವಿಷಯದಲ್ಲಿ ಕಂಪನಿ ವರದಿ ಮಾಡಲಿಲ್ಲ, ಫಾರ್ಮಸಿ ಮಾಡಲಿಲ್ಲ. ನಿಮ್ಮ ಮೆಡ್‌ವಾಚ್ ಅರ್ಜಿಯನ್ನು, ಅಂದರೆ ಅಡ್ಡಪರಿಣಾಮವನ್ನು ನಿಮಗೆ ತಿಳಿಸುವ ನಮೂನೆಯನ್ನು, ನಾನೇ ಹುಡುಕಿ, ಒಂದು ಸಂಜೆ ಕೂತು ತುಂಬಿಸಿದೆ. ಇಂಗ್ಲಿಷ್ ಬಾರದ ಅತ್ತೆ ಮಾವಂದಿರ ಹೆಸರಿನಲ್ಲಿ ಅದನ್ನು ಯಾರು ತುಂಬುತ್ತಾರೆ?

ಇನ್ನೊಂದು ಮಾತು, ಭಯದಿಂದ ಹೇಳುತ್ತಿದ್ದೇನೆ. ಕಾಂಪೌಂಡಿಂಗ್‌ನ ಬಾಗಿಲನ್ನು ಬರೀ ಮುಚ್ಚುತ್ತಾ ಹೋದರೆ, ಬ್ರ್ಯಾಂಡ್ ಕೊಳ್ಳಲಾಗದವರು ಸುಮ್ಮನೆ ಮನೆಗೆ ಹೋಗುವುದಿಲ್ಲ. 'ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ' ಎಂದು ಬರೆದ ಪುಡಿಯ ಸೀಸೆಗಳು ಆನ್‌ಲೈನ್‌ನಲ್ಲಿ ಅದಕ್ಕಿಂತಲೂ ಅಗ್ಗಕ್ಕೆ ಸಿಗುತ್ತಿವೆ. ಅಂಥವರಿಗೆ ನೀವು 2024ರ ಡಿಸೆಂಬರ್‌ನಲ್ಲಿ ಎಚ್ಚರಿಕೆ ಪತ್ರ ಕಳಿಸಿದ್ದನ್ನು ಓದಿದ್ದೇನೆ. ಅಡುಗೆಮನೆಯ ಕಟ್ಟೆಯ ಮೇಲೆ ಆ ಪುಡಿಗೆ ನೀರು ಬೆರೆಸಿ ಚುಚ್ಚಿಕೊಳ್ಳುವ ಒಬ್ಬರನ್ನು ನಾನು ಬಲ್ಲೆ. ಓದಿದವರು, ಇಬ್ಬರು ಮಕ್ಕಳ ತಾಯಿ. ಬೇಡ ಎಂದು ಕೈ ಹಿಡಿದು ಹೇಳಿದೆ. 'ಅಕ್ಕಾ, 349 ನನ್ನ ಹತ್ರ ಎಲ್ಲಿದೆ?' ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಸೆನೆಟ್ ಸಮಿತಿಯ ಮಾನ್ಯ ಸದಸ್ಯರ ಮುಂದೆ ಹಾಗೆಯೇ ಇಡುತ್ತಿದ್ದೇನೆ. ತೂಕ ಇಳಿಸುವ ಔಷಧವನ್ನು ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಕೊಡಬಾರದೆಂದು 2003ರಲ್ಲಿ ಬರೆದಿಟ್ಟ ಕಾನೂನಿನ ಸಾಲು ಇನ್ನೂ ಹಾಗೇ ಇದೆ. ಅದನ್ನು ಅಳಿಸದೆ ಕಂಪನಿಗಳ ಜೊತೆಗಿನ ಒಂದೊಂದು ಒಪ್ಪಂದದಲ್ಲಿ ಒಂದೊಂದು ಬೆಲೆ ಘೋಷಿಸುತ್ತಾ ಹೋದರೆ, ಖಾಸಗಿ ವಿಮೆಯವರೂ ಅದನ್ನೇ ನೆಪ ಮಾಡಿಕೊಂಡು ಕೈಬಿಡುತ್ತಲೇ ಇರುತ್ತಾರೆ.

ಮೆಡ್‌ವಾಚ್‌ಗೆ ನಾನು ವರದಿ ಕಳಿಸಿದ್ದು 2024ರ ನವೆಂಬರ್‌ನಲ್ಲಿ. ಎಂಟು ತಿಂಗಳ ಎಲ್ಲ ರಸೀದಿಗಳು, ಆ್ಯಪ್‌ನ '40 ಯೂನಿಟ್' ಸೂಚನೆಯ ಫೋಟೋ, ಅರ್ಜೆಂಟ್ ಕೇರ್‌ನ ಕಾಗದ ನನ್ನ ಹತ್ತಿರ ಇವೆ. ಅಕ್ಟೋಬರ್‌ನ ಆ ಸೀಸೆಯನ್ನು ಎಸೆದಿಲ್ಲ. ಲೇಬಲ್ ಸಮೇತ, ತಳದಲ್ಲಿ ಉಳಿದ ಔಷಧ ಸಮೇತ ಫ್ರಿಜ್‌ನ ಬಾಗಿಲಲ್ಲಿ ಇಟ್ಟಿದ್ದೇನೆ. ನಿಮ್ಮ ಅಧಿಕಾರಿಗಳು ಕೇಳಿದ ದಿನವೇ ಕಳಿಸಿಕೊಡುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಲೆಕ್ಕ ಬರೆಯುವ ಒಬ್ಬ ರೋಗಿ